ಮುಚ್ಚಳದ ಬಿಸಿಲು, ಬಂಗುಡೆಯ ತಲೆ

ಲೇಸರ್ ಪೆನ್ನಿನ ಕೆಂಪು ಚುಕ್ಕೆಯಿಂದ ಬೆಕ್ಕನ್ನು ಕುಣಿಸುವವರು, ಇದರಿಂದ ಅದಕ್ಕೇನಾದರೂ ತೊಂದರೆಯೇ ಎಂದು ಕೇಳಿದರೆ ನನ್ನ ಕೈ ತಾನಾಗಿ ಮೂಗಿನ ಹತ್ತಿರ ಹೋಗುತ್ತದೆ. ಎಂಬತ್ತರ ದಶಕದ ಮುಂಬಯಿಯ ದಾದರಿನಲ್ಲಿ ನನ್ನ ಬಳಿ ಲೇಸರ್ ಇರಲಿಲ್ಲ. ಅಪ್ಪನ ಎರಡು ಹಳೇ ಪ್ಯಾಂಟು ಕೊಟ್ಟು, ಅರ್ಧ ಗಂಟೆ ಚೌಕಾಸಿ ಮಾಡಿ ಅಮ್ಮ ಪಾತ್ರೆಯವಳಿಂದ ಪಡೆದ ಸ್ಟೀಲ್ ಡಬ್ಬಿಯ ಮುಚ್ಚಳವಿತ್ತು.

ಮಧ್ಯಾಹ್ನ ನಮ್ಮ ಚಾಳಿನ ಮನೆಸಾಲಿನ ಮುಂದಿನ ಗ್ಯಾಲರಿಗೆ ಬಿಸಿಲು ಬರುತ್ತಿತ್ತು. ಮುಚ್ಚಳವನ್ನು ಸ್ವಲ್ಪ ಓರೆ ಮಾಡಿದರೆ ಸಾಕು, ಗೋಡೆಯ ಮೇಲೆ ಬೆಳಕಿನದೊಂದು ಬಿಲ್ಲೆ. ಪಕ್ಕದ ಮನೆಯ ಮಂಗಳೂರು ಆಂಟಿಯ ಬೆಕ್ಕು ಅದಕ್ಕೆ ಹಾರುತ್ತಿತ್ತು, ಗೋಡೆಗೆ ಮೂತಿ ಗುದ್ದಿಕೊಳ್ಳುತ್ತಿತ್ತು, ಮತ್ತೆ ಹಾರುತ್ತಿತ್ತು. ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ನನಗೆ ಹನ್ನೊಂದು ವರ್ಷ, ನಮ್ಮ ಮನೆಯಲ್ಲಿ ಬೆಕ್ಕು ಸಾಕಲು ಬಿಡುತ್ತಿರಲಿಲ್ಲ, ಆ ಬೆಕ್ಕೆಂದರೆ ನನಗೆ ಪ್ರಾಣ. ಪ್ರಾಣವಾದವರನ್ನೇ ಅಲ್ಲವೇ ನಾವು ಗೋಳು ಹೊಯ್ದುಕೊಳ್ಳುವುದು?

ಹದಿನೈದು ದಿನದಲ್ಲಿ ಬೆಕ್ಕಿನ ತಲೆ ಕೆಟ್ಟಿತು. ಮುಚ್ಚಳವಿಲ್ಲದಾಗಲೂ ಬರಿ ಗೋಡೆಯನ್ನು ಕೆರೆಯತೊಡಗಿತು. ಊಟ ಬಿಟ್ಟು ಅಲ್ಲೇ ಕಾಯುತ್ತ ಕೂರುತ್ತಿತ್ತು. ಆಂಟಿಯ ಬಳೆ ಹೊಳೆದರೆ ಅದಕ್ಕೂ ಹಾರಿ ಕೈ ಪರಚಿತು. ಮೂಲೆಮನೆಯ ಅಜ್ಜಿ ಗಾಳಿ ಸೋಕಿದೆ ಎಂದಾಗ ನಾನು ಬಲು ಗಂಭೀರವಾಗಿ ತಲೆಯಾಡಿಸಿದೆ.

"ಸಾಕಾಯ್ತು ಮಾರಾಯ್ತಿ. ನಾಳೆ ಇದನ್ನು ಬೈಕುಲ್ಲಾಕ್ಕೆ ಕಳಿಸ್ತೇನೆ. ಅಲ್ಲಿ ನಮ್ಮವರ ಹೋಟೆಲಿನ ಗೋಡೌನಿನಲ್ಲಿ ಇಲಿ ಹಿಡಿದುಕೊಂಡು ಇರಲಿ" ಎಂದು ಆಂಟಿ ಅಮ್ಮನಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. ಅಮ್ಮ ಒಳಗೆ ಹೋಗುವುದನ್ನೇ ಕಾದು, ಮುಚ್ಚಳದ ಸಮೇತ ಆಂಟಿಯ ಬಾಗಿಲಲ್ಲಿ ನಿಂತು ಎಲ್ಲ ಒಪ್ಪಿಕೊಂಡೆ.

ಆಂಟಿ ಬಂಗುಡೆ ಮೀನು ಹೆಚ್ಚುತ್ತಿದ್ದರು. "ಅದರ ಕಣ್ಣಿಗೆ ಬೆಳಕು ಬಿಟ್ಟಿದ್ದೀಯಾ?"

"ಇಲ್ಲ ಆಂಟಿ, ಗೋಡೆಗೆ ಮಾತ್ರ."

"ಅಷ್ಟೆಲ್ಲ ಹಾರಿ ಅದಕ್ಕೆ ಎಂತ ಸಿಕ್ಕಿತು?"

"ಏನೂ ಇಲ್ಲ."

"ದಿನಾ ಎಲೆ ಹಾಕಿ, ಕೂರಿಸಿ, ಬಡಿಸದೆ ಎಬ್ಬಿಸಿದರೆ ನಿನಗೆ ಹೇಗಾಗ್ತದೆ?"

ಆಂಟಿ ಬಂಗುಡೆಯ ತಲೆಯೊಂದನ್ನು ನನ್ನತ್ತ ಚಾಚಿದರು. "ಆಟ ಆಡಿಸಿದವಳೇ ಕೊನೆಗೆ ಇದನ್ನು ಅದರ ಮುಂದೆ ಇಡಬೇಕು. ಎಂಟು ದಿನ ಹೀಗೆ ಮಾಡಿ ನೋಡುವ. ಸರಿಹೋಗದಿದ್ದರೆ ಬೈಕುಲ್ಲಾ."

ನಾವೋ ಮೈಸೂರಿನವರು. ಮೊಟ್ಟೆ ಬೇಯಿಸಿದ ಪಾತ್ರೆ ಮುಟ್ಟಿದರೂ ಸ್ನಾನ ಮಾಡಿಸುವ ಮನೆ ನಮ್ಮದು. ಕಣ್ಣು ಗಟ್ಟಿಯಾಗಿ ಮುಚ್ಚಿ ಎರಡೇ ಬೆರಳಲ್ಲಿ ಹಿಡಿದೆ. ತಣ್ಣಗೆ, ಲೋಳೆಲೋಳೆ. ಗ್ಯಾಲರಿಯಲ್ಲಿ ಬೆಳಕನ್ನು ನಾಲ್ಕು ಸುತ್ತು ಓಡಿಸಿ, ನೆಲಕ್ಕಿಳಿಸಿ, ಅದು ನಿಂತ ಜಾಗದಲ್ಲೇ ತಲೆಯನ್ನು ಇಟ್ಟೆ. ಬೆಕ್ಕು ಹಾರಿತು, ಹಿಡಿಯಿತು. ಒಂದು ಗಳಿಗೆ ತನ್ನ ಬಾಯಿಗೆ ನಿಜವಾಗಿ ಏನೋ ಸಿಕ್ಕಿದ್ದನ್ನು ನಂಬದವರ ಹಾಗೆ ನಿಂತಿತು. ಆಮೇಲೆ ತಿಂದು, ಮುಖ ಒರೆಸಿಕೊಂಡು, ಗೋಡೆಗೆ ಬೆನ್ನು ಹಾಕಿ ಮಲಗಿತು. ನನಗೆ ಅಳು ಬಂತು.

ಮೂರು ಸಲ ಸೋಪು ಹಾಕಿ ಕೈ ತೊಳೆದು ಮನೆಗೆ ಬಂದೆ. ಅಮ್ಮ ಬಾಗಿಲಲ್ಲೇ ನನ್ನ ಬೆರಳು ಹಿಡಿದು ಮೂಸಿದಳು. ಚಾಳಿನ ಗೋಡೆ ಎಷ್ಟು ತೆಳುವೆಂಬುದು ನನಗೆ ಆಗ ನೆನಪಾಯಿತು.

"ಅಪ್ಪ ಬರೋ ಹೊತ್ತಾಯ್ತು, ಇನ್ನೊಂದ್ಸಲ ತೊಳಿ" ಎಂದಳು. ಆಮೇಲೆ ದನಿ ತಗ್ಗಿಸಿ ಕೇಳಿದಳು, "ತಿಂತಾ?"

"ಪೂರ್ತಿ."

"ಸೋಪಿಗೆಲ್ಲ ಹೋಗಲ್ಲ ಆ ವಾಸನೆ. ನಾಳೆಗೆ ಹುಣಸೆಹಣ್ಣು ನೆನೆಸಿಟ್ಟಿರ್ತೀನಿ."