ಚರ್ಚಿನ ಗಂಟೆಯೂ ನನ್ನ ಕೈಚಟವೂ

ಮನುಷ್ಯ ಆಕಾಶಕ್ಕೆ ಹೆದರಿದಾಗಲೆಲ್ಲ ಏನಾದರೊಂದು ಸದ್ದು ಮಾಡಿ ಧೈರ್ಯ ತಂದುಕೊಂಡಿದ್ದಾನೆ. ನಾನು ಮಾಡಿದ ಸದ್ದಿಗೆ ಮಾತ್ರ ಹೆದರಿಕೆ ಕಾರಣವಲ್ಲ, ಬರೀ ಕೈಚಟ.

ಕೆನಡಾದ ಬ್ರ್ಯಾಂಪ್ಟನ್ನಿನ ಹಳೆಯ ಚರ್ಚೊಂದರ ಬೇಸ್‌ಮೆಂಟಿನಲ್ಲಿ ಶನಿವಾರ ಶನಿವಾರ ನನ್ನ ಹೆಂಡತಿ ಇಲ್ಲಿನ ಕನ್ನಡಿಗರ ಮಕ್ಕಳಿಗೆ ಕನ್ನಡ ಕಲಿಸುತ್ತಾಳೆ. ಅಲ್ಲಿಗೆ ಬರುವ ಮೊದಲು ತರಗತಿ ನಾಲ್ಕು ಕಡೆ ಅಲೆದಿತ್ತು. ನಮಗೆ ಜಾಗ ಮುಂದುವರಿಸಬೇಕೋ ಬೇಡವೋ ಎಂದು ಚರ್ಚಿನ ಸಮಿತಿ ಬರುವ ಮಂಗಳವಾರ ತೀರ್ಮಾನಿಸುವುದಿತ್ತು. ಗಂಟೆ ಮುಟ್ಟಬಾರದೆಂದು ಕರಾರಿನಲ್ಲಿ ಬರೆದಿತ್ತು. ಓದಿ ಸಹಿ ಹಾಕಿದವನು ನಾನೇ.

ಜೂನ್ ತಿಂಗಳ ಆ ಶನಿವಾರ ಮಧ್ಯಾಹ್ನ, ಗುಡುಗು ಮಳೆ. ಮಂಡಕ್ಕಿ ಡಬ್ಬಿ ಹಿಡಿದು, ನೆನೆದು ಒಳಗೆ ಬಂದೆ. ಬಾಗಿಲ ಪಕ್ಕದಲ್ಲಿ ಗಂಟೆಯ ಹಗ್ಗ ಇಳಿಬಿದ್ದಿತ್ತು. ದೇವಸ್ಥಾನದ ಹೊಸ್ತಿಲು ದಾಟುವಾಗ ಕೈ ತಾನೇ ಮೇಲೇಳುವುದು ಅರುವತ್ತು ವರ್ಷದ ಅಭ್ಯಾಸ. ಎದ್ದಿತು, ಎಳೆಯಿತು. ಗಂಟೆ ಮೂರು ಸಲ ಮೊಳಗಿತು. ಮೊದಲನೆಯದು ನನ್ನದು, ಉಳಿದೆರಡು ಅದರ ಸ್ವಂತ ಉತ್ಸಾಹ.

ಹೆಂಡತಿ ಮೆಟ್ಟಿಲು ಹತ್ತಿ ಬಂದಳು. ಅವಳು ಧಾರವಾಡದವಳು.

"ಅಲ್ರೀ, ಗಂಟಿ ಕಂಡಲ್ಲೆಲ್ಲಾ ಬಾರಸಾಕ ಇದೇನು ಹನಮಪ್ಪನ ಗುಡಿ ಅಂತ ತಿಳದೀರೇನು? ಇನ್ನ ಕ್ಲಾಸ್ ನಮ್ಮ ಗ್ಯಾರೇಜಿನ್ಯಾಗ ಮಾಡ್ಲೇನು?"

ಅಷ್ಟರಲ್ಲಿ ಚರ್ಚು ನೋಡಿಕೊಳ್ಳುವ ಮುದುಕಿ ಬಂದರು. ಬೈಯಲಿಲ್ಲ. ಸಿಡಿಲಿಗೆ ಬಾರಿಸಿದಿರಾ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಹಾಗೆಂದರೇನೆಂದು ನಾನು ಕೇಳಿದ್ದಕ್ಕೆ ವಿವರಿಸಿದರು. ಹಿಂದೆ ಯುರೋಪಿನಲ್ಲಿ ಗುಡುಗು ಬಂದರೆ ಚರ್ಚಿನ ಗಂಟೆ ಬಾರಿಸುತ್ತಿದ್ದರಂತೆ. ಮಂತ್ರಿಸಿದ ಗಂಟೆಯ ದನಿಗೆ ಗಾಳಿಯ ಪಿಶಾಚಿಗಳು ಓಡುತ್ತವೆ, ಸಿಡಿಲು ಒಡೆದು ಚೂರಾಗುತ್ತದೆ ಎಂಬ ನಂಬಿಕೆ. ಕೆಲವು ಗಂಟೆಗಳ ಮೇಲೆ ಹಾಗೆಂದು ಕೆತ್ತಿಯೂ ಇತ್ತಂತೆ. ಸಿಡಿಲು ಮಾತ್ರ ಗೋಪುರಕ್ಕೇ ಬಡಿದು, ಹಗ್ಗ ಹಿಡಿದವನನ್ನೇ ಕೊಲ್ಲುತ್ತಿತ್ತು.

ಒದ್ದೆ ಹಗ್ಗ ಇನ್ನೂ ನನ್ನ ಕೈಯಲ್ಲಿತ್ತು. ಮೂವತ್ತು ವರ್ಷ ಊರವರಿಗೆಲ್ಲ ಸಿಡಿಲನ್ನು ನೆಲಕ್ಕಿಳಿಸುವ ಅರ್ಥಿಂಗ್ ಬಗ್ಗೆ ಬುದ್ಧಿ ಹೇಳಿದ ಈ ಎಲೆಕ್ಟ್ರಿಕಲ್ ಇಂಜಿನಿಯರ್ ಅದನ್ನು ಮೆಲ್ಲಗೆ ಬಿಟ್ಟ.

ನಮ್ಮ ಪೂಜೆಯಲ್ಲೂ ದೇವರು ಬರಲಿ, ರಾಕ್ಷಸರು ಹೋಗಲಿ ಎಂದೇ ಗಂಟೆ ಬಾರಿಸುವುದು ಎಂದೆ. ಅವರ ಕಣ್ಣರಳಿತು. ಜನ ಸಾಯುತ್ತಿದ್ದರೂ ಯಾಕೆ ಬಿಡಲಿಲ್ಲ ಎಂದು ಕೇಳಿದೆ. ಗುಡುಗು ಹೇಗೂ ನಿಲ್ಲುತ್ತದೆ, ನಿಂತಾಗ ಕೀರ್ತಿ ಗಂಟೆಗೆ, ಎಂದರು. ಸತ್ತವನು ಬಂದು ತಕರಾರು ಹೇಳುವುದಿಲ್ಲವಲ್ಲ.

"ಅಂಕಲ್, ಡಿಡ್ ಇಟ್ ವರ್ಕ್?" ಎಂದಳು ಸದ್ದು ಕೇಳಿ ಮೇಲೆ ಬಂದಿದ್ದ ಒಬ್ಬ ವಿದ್ಯಾರ್ಥಿನಿ.

ಸಿಡಿಲಿಗೇ ಬಾರಿಸಿದೆ ಎಂದಿದ್ದರೆ ನನ್ನ ಮಾನ ಉಳಿಯುತ್ತಿತ್ತು, ಬಹುಶಃ ಜಾಗವೂ. ಆದರೆ ಹೆಂಡತಿ ಪಕ್ಕದಲ್ಲೇ ನಿಂತಿದ್ದಳು. ಅಭ್ಯಾಸಬಲ, ಕ್ಷಮಿಸಿ, ನಾನು ಬಂದೆನೆಂದು ದೇವರಿಗೆ ತಿಳಿಸಿದ್ದಷ್ಟೇ, ಎಂದೆ. ಮುದುಕಿ ನಕ್ಕರು, ಸಮಿತಿಗೂ ಹಾಗೆಯೇ ಹೇಳುತ್ತೇನೆ ಎಂದರು.

ಮಂಗಳವಾರ ಹೇಳಿದರು. ಬೇಸ್‌ಮೆಂಟು ಇನ್ನೊಂದು ವರ್ಷಕ್ಕೆ ಸಿಕ್ಕಿತು. ನಾವು ಈಗ ಹಗ್ಗವಿಲ್ಲದ ಹಿಂಬಾಗಿಲಿನಿಂದ ಹೋಗುತ್ತೇವೆ.