ಬಲೆಯ ಕಣ್ಣು ದೊಡ್ಡದಿತ್ತು

ಲೀನಕ್ಕ, ಅಂದು ನಾನು ನಿಮಗೆ ಸುಳ್ಳು ಹೇಳಿದೆ. ನಿಮ್ಮ ಊಹೆ ತಪ್ಪಾಗಿರಲಿಲ್ಲ — ತಪ್ಪು ಇದ್ದದ್ದು ನನ್ನ ಲೆಕ್ಕದಲ್ಲಿ, ಆ ಅನುಮಾನ ನನಗೆ ಆಗಲೇ ಇತ್ತು.

ನೀವು ದೋಹಾದಲ್ಲಿ ಗಣಿತದ ಪ್ರೊಫೆಸರ್, ನಾನು ನಿಮ್ಮ ಕಂಪ್ಯೂಟರ್ ಲೆಕ್ಕ ಓಡಿಸುವ ಸಹಾಯಕ. ನೀವು ಸಂಶೋಧಿಸುವ ಸಾಲಿಟಾನ್ ಅಂದರೇನು ಎಂದು ಬಿನ್ ಮಹಮೂದ್ ಬಡಾವಣೆಯ ನನ್ನ ರೂಮಿನವರು ಕೇಳಿದರೆ ನಿಮ್ಮ ಮಾತನ್ನೇ ಹೇಳುತ್ತಿದ್ದೆ: ಮೂರು ಆಯಾಮದ ಬಯಲಿನಲ್ಲಿ ಬಿದ್ದ ಗಂಟು, ಕತ್ತರಿಸದೆ ಬಿಚ್ಚಲು ಬಾರದು. ನಿಮ್ಮ ಸಮೀಕರಣದಲ್ಲಿ ಆ ಗಂಟು ಕುಗ್ಗಿ ಕುಗ್ಗಿ ಇಲ್ಲವಾಗುವುದಿಲ್ಲ, ಒಂದು ಅಳತೆಗೆ ಬಂದು ನಿಲ್ಲುತ್ತದೆ — ಇದು ನಿಮ್ಮ ಊಹೆ. ವರ್ಷಗಟ್ಟಲೆ ಅದರ ಹಿಂದೆಯೇ ಇದ್ದಿರಿ.

ಅದನ್ನು ಪರೀಕ್ಷಿಸುವ ಕೆಲಸ ನನಗೆ ಬಂತು. ಕಂಪ್ಯೂಟರ್ ಆ ಬಯಲನ್ನು ಪುಟ್ಟ ಪುಟ್ಟ ಡಬ್ಬಿಗಳಾಗಿ ಭಾಗಿಸಿ ನೋಡುತ್ತದೆ, ಅದೇ ಗ್ರಿಡ್. ಡಬ್ಬಿ ಸಣ್ಣದಾದಷ್ಟೂ ಲೆಕ್ಕ ನಿಧಾನ, ವಾರದ ರಜೆಯಾದ ಶುಕ್ರವಾರವೂ ಕಾದು ಕೂರಬೇಕಿತ್ತು. ಶುಕ್ರವಾರ ಮುಐದರ್‌ನ ಮೈದಾನದಲ್ಲಿ ನಮ್ಮ ಹುಡುಗರ ಕ್ರಿಕೆಟ್ ಫೈನಲ್... ಡಬ್ಬಿಗಳನ್ನು ದೊಡ್ಡದು ಮಾಡಿದೆ. ಗುರುವಾರವೇ ಲೆಕ್ಕ ಮುಗಿಯಿತು. ಗಂಟು ಕುಗ್ಗಿ, ಡಬ್ಬಿಗಳ ನಡುವೆ ಎಲ್ಲೋ ನುಸುಳಿ ಮಾಯವಾಗಿತ್ತು. ಮಲ್ಪೆಯ ಮೀನುಗಾರರ ಮನೆಯಲ್ಲಿ ಹುಟ್ಟಿದವನು ನಾನು. ಬಲೆಯ ಕಣ್ಣು ದೊಡ್ಡದಾದರೆ ಸಣ್ಣ ಮೀನು ನಿಲ್ಲದು ಎಂದು ನನಗೆ ಯಾರು ಹೇಳಿಕೊಡಬೇಕು!

ನೀವು ತುಂಬ ಹೊತ್ತು ಪರದೆ ನೋಡಿದಿರಿ. "ಗ್ರಿಡ್ ಸಣ್ಣದೇ ಇಟ್ಟಿದ್ದಿಯಲ್ಲ ಮಾರಾಯ?"

"ಹೌದು ಲೀನಕ್ಕ, ನೀವು ಹೇಳಿದಷ್ಟೇ."

"ಹಾಗಾದ್ರೆ ಖಲಾಸ್."

ನನ್ನ ಮುಖ ಬಾಡಿದ್ದು ನಿಮಗಾಗಿ ಎಂದುಕೊಂಡು ಬೆನ್ನು ತಟ್ಟಿದಿರಿ. "ಬೇಜಾರು ಮಾಡ್ಬೇಡ. ನಾಳೆ ಮನೆಗೆ ಬಾ, ಸಾನ್ನಾ, ಕೋಳಿ ಸಾರು ಮಾಡ್ತೇನೆ." ಸೋತವರು ನೀವು, ಸಮಾಧಾನ ನನಗೆ! ಮ್ಯಾಚ್ ಮುಗಿಸಿ ಬಂದು, ಕೇಳಿ ಕೇಳಿ ಹಾಕಿಸಿಕೊಂಡು ತಿಂದೆ. ನಾಚಿಕೆಗೆಟ್ಟ ಹೊಟ್ಟೆ.

ಆಮೇಲೆ ಹೇಳಬಹುದಿತ್ತು. ನೀವು ಆ ಸಂಶೋಧನೆಯನ್ನೇ ಕೈಬಿಟ್ಟು ಬರೀ ಪಾಠಕ್ಕೆ ಉಳಿದಿರಿ, ಆದರೆ ನನ್ನನ್ನು ಊಟಕ್ಕೆ ಕರೆಯುವುದನ್ನು ಬಿಡಲಿಲ್ಲ. ಜ್ವರ ಬಂದಾಗ ಗಂಜಿ ಹಿಡಿದುಕೊಂಡು ನನ್ನ ರೂಮಿಗೇ ಬಂದಿರಿ. ನಿಮ್ಮ ಪ್ರೀತಿ ಹೆಚ್ಚಿದಷ್ಟೂ ನನಗೆ ಬಾಯಿ ಬರಲಿಲ್ಲ — ನುಂಗಲೂ ಆಗದ, ಉಗುಳಲೂ ಆಗದ ಬಿಸಿತುಪ್ಪ.

ಮೊನ್ನೆ ನಿವೃತ್ತಿಯ ಸುದ್ದಿ ಹೇಳುತ್ತಾ ನಕ್ಕಿರಿ: "ಆ ಗಂಟಿನ ಹುಚ್ಚಲ್ಲಿ ಸುಮಾರು ವರ್ಷ ಹಾಳು ಮಾಡಿದೆ ಮಾರಾಯ." ಆ ನಗು ನನಗೆ ತಡೆಯಲಾಗಲಿಲ್ಲ. ಅದೇ ಲೆಕ್ಕವನ್ನು ನೀವು ಹೇಳಿದ್ದ ಸಣ್ಣ ಗ್ರಿಡ್‌ನಲ್ಲಿ ಮತ್ತೆ ಓಡಿಸಿದೆ, ಈ ಸಲ ಕದಲದೆ ಕಾದು ಕೂತೆ. ಗಂಟು ಕುಗ್ಗಿತು, ಇನ್ನೂ ಕುಗ್ಗಿತು — ನಿಂತಿತು. ನೀವು ಊಹಿಸಿದ ಅಳತೆಗೇ ನಿಂತಿತು.

ನಾಳೆ ಶುಕ್ರವಾರ. ಇಗರ್ಜಿಯ ಪೂಜೆ ಮುಗಿಸಿ ನೀವು ಅಲ್ ವಕ್ರಾದ ಮನೆಗೆ ಬರುವಾಗ ಬಾಗಿಲಲ್ಲೇ ನಿಂತಿರುತ್ತೇನೆ. ಊಟಕ್ಕೆ ಕೂರುವ ಮುಂಚೆ ಹೇಳುತ್ತೇನೆ; ಆಮೇಲೆ ಬಡಿಸುವುದೋ ಬೇಡವೋ ನಿಮಗೆ ಬಿಟ್ಟದ್ದು. ಗಂಟಿನ ಹಿಂದೆ ಕಳೆದ ವರ್ಷಗಳು ಹಾಳಾಗಿಲ್ಲ, ಲೀನಕ್ಕ. ಹಾಳಾದವು ಆಮೇಲಿನವು — ಅವನ್ನು ಹಾಳು ಮಾಡಿದವನು ನಾನು.