ಹಸಿರಂಗಿಯ ಹುಡುಗಿಯರು

ಭಾನುವಾರ, ಬೆಳಿಗ್ಗೆ ಏಳು ಗಂಟೆ. ಹಿತ್ತಲಿನಲ್ಲಿ ಇದ್ದವರು ನಾನು ಮತ್ತು ನನ್ನ ಸೊಸೆ. ಬಿಳಿ ಹೊದಿಕೆಗಳನ್ನು ಕೊನೆಯ ನೀರಿಗೆ ಹಾಕುವ ಹೊತ್ತಿಗೆ ಸೊಸೆಯ ಕೈಯಿಂದ ನೀಲಿಯ ಬಾಟಲಿ ಜಾರಿ ಬಕೆಟ್ಟಿನೊಳಗೇ ಬಿತ್ತು. ನಾಲ್ಕು ಹನಿ ಸಾಕಾಗುವ ನೀರಿಗೆ ಅರ್ಧ ಬಾಟಲಿ ಸೇರಿತು. ಸೊಸೆ ನನ್ನ ಮುಖ ನೋಡಿದಳು. ನಾನು ನಕ್ಕೆ. ದಿಂಬಿನ ಚೀಲದ ಮಡಿಕೆ ತಪ್ಪಿದರೂ ಗದರುವ ಅತ್ತೆ ಹೀಗೆ ನಗುವುದನ್ನು ಕಂಡು ಅವಳಿಗೆ ಇನ್ನಷ್ಟು ಗಾಬರಿಯಾಯಿತು. ಆ ನೀರಿನ ಬಣ್ಣ ನೋಡಿದೊಡನೆ ನನಗೆ ಎದುರುಮನೆಯ ಕಾಕಿ ನೆನಪಾಗಿದ್ದರು...

ಕೊಪ್ಪಳ ಆಗಷ್ಟೇ ಜಿಲ್ಲೆಯಾಗಿತ್ತು. ನಾನು ಸರಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ಬೆಳಗಿನ ಪಾಳಿ ಮುಗಿಸಿ ಮನೆಗೆ ಬಂದು, ಊಟ ಮಾಡಿ, ಸಮವಸ್ತ್ರದ ಬಿಳಿ ಸೀರೆ ಒಗೆದು ಹರವುವುದು ನನ್ನ ದಿನಚರಿ. ಅದೇ ಹೊತ್ತಿಗೆ ಕಾಕಿಯೂ ತಮ್ಮ ಅಂಗಳದಲ್ಲಿ ಕಾಕಾ ಅವರ ಧೋತರ ಹರವುತ್ತಿದ್ದರು. ಕಾಕಾ ಕಾಳುಕಡಿ ಮಾರಿಸಿಕೊಡುವ ಅಡತಿ ಅಂಗಡಿಯಲ್ಲಿ ಕೆಲಸಕ್ಕಿದ್ದರು, ಮಾತು ಕಡಿಮೆ. ಅವರ ಧೋತರ ಮೊದಲು ಬಿಳಿಯಾಗಿತ್ತು. ಬರಬರುತ್ತ ಮುಗಿಲಿನ ಬಣ್ಣಕ್ಕೆ ತಿರುಗಿತು. ಮುಂದಿನ ಬೇಸಿಗೆಯ ಹೊತ್ತಿಗೆ ನವಿಲಿನ ಕುತ್ತಿಗೆಯ ಹತ್ತಿರ ಬಂದಿತ್ತು. ಓಣಿಯವರು ಇದು ಯಾವುದೋ ವ್ರತ ಇರಬೇಕೆಂದು ಸುಮ್ಮನಿದ್ದರು.

ಅದು ವ್ರತವಲ್ಲವೆಂದು ನನಗೆ ತಿಳಿದದ್ದು ಕಾಕಿ ನಮ್ಮ ಕಟ್ಟೆ ಇಳಿದು ನೇರವಾಗಿ ಒಂದು ಟಂಟಂ ಗಾಡಿಯ ಮುಂದೆ ಹೋಗಿ ನಿಂತ ದಿನ. ಚಾಲಕ ಹಾಕಿದ ಬ್ರೇಕಿಗೆ ಒಳಗಿದ್ದ ಮೆಣಸಿನಕಾಯಿ ಚೀಲಗಳೆಲ್ಲ ಅವನ ಬೆನ್ನ ಮೇಲೆ ಬಂದವು. ಕಾಕಿಯನ್ನು ಒಳಗೆ ಕರೆತಂದು ಬ್ಯಾಟರಿ ಹಿಡಿದು ನೋಡಿದೆ. ಎರಡೂ ಕಣ್ಣಲ್ಲಿ ಪೊರೆ ಬಂದಿತ್ತು. ಪೊರೆ ಹಳದಿಗಟ್ಟಿದರೆ ನೀಲಿ ಬಣ್ಣ ಸರಿಯಾಗಿ ಕಾಣುವುದಿಲ್ಲ. ಎಷ್ಟು ನೀಲಿ ಹಾಕಿದರೂ ಧೋತರ ಬೆಳ್ಳಗಾಗಲಿಲ್ಲವೆಂದು ಅವರು ಇನ್ನಷ್ಟು ಹಾಕುತ್ತಿದ್ದರು.

ಆಪರೇಶನ್ ಎಂಬ ಮಾತು ತೆಗೆದೆ. ಕಾಕಿ ಸೆರಗು ಕೊಡವಿ ಎದ್ದರು.

"ಇರಕಲ್ಲಗಡದ ನಮ್ಮಕ್ಕ ಎರಡು ಕಣ್ಣ ತಗೊಂಡು ಹ್ವಾದ್ಲು, ಒಂದ ಕಣ್ಣ ತಗೊಂಡು ಬಂದ್ಲು. ನಂಗೂ ಲೆಕ್ಕಾ ಬರತೈತಿ, ಸಿಸ್ಟರವ್ವ."

ಅದು ಹಳೆಯ ಕಾಲದ ಮಾತು, ಈಗ ಹಾಗಿಲ್ಲ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಆದರೆ ಸಂಜೆ ನಾಲ್ಕೂವರೆಗೆ ನಮ್ಮ ಮನೆಗೆ ಟಿವಿ ನೋಡಲು ಬರುವುದನ್ನು ಮಾತ್ರ ಬಿಡಲಿಲ್ಲ.

ಕಣ್ಣು ಕಾಣದವರು ಟಿವಿಯಲ್ಲಿ ಏನು ನೋಡುತ್ತಾರೆ ಎಂದು ನೀವು ಕೇಳಬಹುದು. ಕ್ರಿಕೆಟ್ಟಿನ ಚೆಂಡು ಅವರಿಗೆ ಕಾಣುತ್ತಿರಲಿಲ್ಲ. ಧಾರಾವಾಹಿಯಲ್ಲಿ ಅತ್ತೆ ಯಾರು, ಸೊಸೆ ಯಾರು ಎಂಬುದು ತಿಳಿಯುತ್ತಿರಲಿಲ್ಲ. ಒಂದು ದಿನ ಚಾನೆಲ್ ತಿರುಗಿಸುವಾಗ ಮಂಜುಗಡ್ಡೆಯ ಮೇಲಿನ ಓಟ ಬಂತು. ದೇಶಕ್ಕೊಂದು ತಂಡ, ಕಾಲಿಗೆ ಅಲಗು ಕಟ್ಟಿಕೊಂಡ ಹುಡುಗಿಯರು, ಕಲ್ಯಾಣ ಮಂಟಪದಷ್ಟೇ ಜಾಗದಲ್ಲಿ ಗಿರಗಿರನೆ ಸುತ್ತುತ್ತಿದ್ದರು. ಬೆಳ್ಳಗಿನ ನೆಲ, ಅದರ ಮೇಲೆ ದಟ್ಟ ಬಣ್ಣದ ಅಂಗಿಗಳು. ಕಾಕಿ ನೆಟ್ಟಗೆ ಕುಳಿತರು. "ಇದು ಕಾಣತೈತಿ! ಇರಲಿ, ತಿರುಗಸಬ್ಯಾಡ."

ಅಂದಿನಿಂದ ಅದೇ ಆಟ. ತಂಡದ ಹುಡುಗಿಯರು ಒಬ್ಬೊಬ್ಬರೇ ಓಡಿ ಗಳಿಸಿದ ಅಂಕಗಳನ್ನೆಲ್ಲ ಕೂಡಿಸುತ್ತಿದ್ದರು. ಕೊನೆಗೆ ನಾಲ್ವರು ಸೇರಿ ರಿಲೇ ಓಡುತ್ತಿದ್ದರು. ಈ ರಿಲೇಯಲ್ಲಿ ಕೈಗೆ ಕೋಲು ಕೊಡುವುದಿಲ್ಲ. ಓಡಿ ಬಂದವಳು ಮುಂದಿನವಳ ಸೊಂಟಕ್ಕೆ ಎರಡೂ ಕೈ ಹಚ್ಚಿ ನೂಕುತ್ತಾಳೆ. ಕಾಕಿಗೆ ಅದು ಬಹಳ ಹಿಡಿಸಿತು. "ಹೊಸ ಮದವಿ ಹುಡುಗೀನ್ನ ಕ್ವಾಣ್ಯಾಗ ನೂಕಿದಂಗ ನೂಕ್ತಾರ ನೋಡು!" ಎನ್ನುತ್ತಿದ್ದರು. ತಿರುವಿನಲ್ಲಿ ಓಟಗಾರ್ತಿಯರು ಬಾಗಿ ಮಂಜಿಗೆ ಬೆರಳು ತಾಗಿಸುವುದು ಅವರ ಪ್ರಕಾರ ಭೂಮಿತಾಯಿಗೆ ನಮಸ್ಕಾರ. ಒಂದು ಓಟಕ್ಕೂ ಇನ್ನೊಂದಕ್ಕೂ ನಡುವೆ ಬಕೆಟ್ ಹಿಡಿದು ಬಂದು ತಿರುವಿಗೆ ನೀರು ಸುರಿಯುವವರನ್ನು ಕಂಡು, "ದಿನಾ ಅಂಗಳಾ ಸಾರಸ್ತಾರ. ಛಲೋ ಮಂದಿ," ಎಂದು ಪ್ರಮಾಣಪತ್ರ ಕೊಟ್ಟರು. ಯಾವ ದೇಶದವರೆಂದು ನಾನು ಹೇಳಲು ಹೋದರೆ, "ದೇಶ ಕಟಗೊಂಡು ನಾ ಏನ ಮಾಡ್ಲಿ? ಅವರು ನಮ್ಮವರು, ಅಷ್ಟ," ಎಂದುಬಿಡುತ್ತಿದ್ದರು. ನಮ್ಮವರು ಬಿದ್ದರೆ ಅಯ್ಯೋ ಅನ್ನುವರು. ಬೇರೆಯವರು ಬಿದ್ದರೆ ಸಕ್ಕರೆ ಕೇಳುವರು. ನಾನು ಮಗ್ಗುಲಲ್ಲಿ ಕುಳಿತು ಕಾಳು ಹಸನು ಮಾಡುತ್ತಿದ್ದೆ. ನಮ್ಮವರು ಎಂದರೆ ಯಾರು ಎಂದು ಒಮ್ಮೆಯೂ ವಿಚಾರಿಸಲಿಲ್ಲ...

ಆ ವಾರ ಭಾನುವಾರಕ್ಕೆ ನಮ್ಮ ಓಣಿಯ ಸಾಲೆಯಲ್ಲಿ ಕಣ್ಣಿನ ಶಿಬಿರವಿತ್ತು. ಅದು ತಪ್ಪಿದರೆ ಮುಂದಿನದು ಯಾವಾಗಲೋ. ಅಷ್ಟರಲ್ಲಿ ಇನ್ನೊಂದು ಟಂಟಂ ಬರುವುದಂತೂ ಖಚಿತ. ಗುರುವಾರ ಸಂಜೆ ರಿಲೇಯ ನಡುವೆಯೇ ನಾನು ಕಣ್ಣಿನ ಮಾತು ತೆಗೆದೆ. ಕಾಕಿಗೆ ಸಿಟ್ಟು ಬಂತು.

"ಸುಮ್ಮನ ಕುಂದರಬೇ! ನೋಡು, ಹನುಮಪ್ಪನ ಆಣಿ ಮಾಡಿ ಹೇಳ್ತೀನಿ. ನಮ್ಮವರು ಗೆದ್ರ ರವಿವಾರ ಶಿಬಿರಕ್ಕ ನಾ ಬರ್ತೀನಿ. ಸೋತ್ರ ಸಾಯೂತನಕ ನೀ ಕಣ್ಣಿನ ಸುದ್ದಿ ತಗೀಬಾರದು. ಕಬೂಲ?"

ನಾನು ಕಬೂಲೆಂದೆ. ಇನ್ನು ನಾಲ್ಕೇ ಸುತ್ತು ಉಳಿದಿದ್ದವು. ಆಗ ಕರೆಂಟು ಹೋಯಿತು.

ಅದು ಬಂದದ್ದು ದೀಪ ಹಚ್ಚುವ ಹೊತ್ತಿಗೆ. ಮರುದಿನದ ಪತ್ರಿಕೆಯಲ್ಲಿ ಕಬಡ್ಡಿ ಇತ್ತು, ಮಂಜಿನ ಸುದ್ದಿ ಇರಲಿಲ್ಲ. ನಾನು ನೇರವಾಗಿ ಕೇಬಲ್ ಚಾಚಾ ಅವರಲ್ಲಿಗೆ ಹೋದೆ. ಮೊದಲು ಟೇಪ್‌ರೆಕಾರ್ಡರ್ ರಿಪೇರಿ ಮಾಡುತ್ತಿದ್ದ ಅವರು ಈಗ ನಮ್ಮ ಓಣಿಗೆಲ್ಲ ಕೇಬಲ್ ಎಳೆದಿದ್ದರು. ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಅದೇ ಓಟವನ್ನು ಮತ್ತೆ ತೋರಿಸುತ್ತಾರೆಂದು ಹೇಳಿದರು. ಅಷ್ಟಕ್ಕೆ ಬಿಡದೆ ನನ್ನ ಜೊತೆ ಬಂದು ಕಾಕಿಗೂ ಒಂದು ಮಾತು ಹೇಳಿದರು.

"ಅಮ್ಮಾ, ಅದು ಯಾವಾಗೋ ಆಗಿಹೋಗಿದ್ದು ಐತ್ರಿ. ಟೇಪ್ ಹಾಕ್ತಾರ. ಗೆದ್ದವರು ಪದಕ ಹಾಕ್ಕೊಂಡು ಮನಿ ಸೇರ್ಯಾರ. ಈಗ ಹನುಮಪ್ಪ ಏನ ಮಾಡ್ತಾನ್ರಿ ಪಾಪ?"

"ನಂಗ ಗೊತ್ತಿಲ್ಲಲ್ಲ, ಅಷ್ಟ ಸಾಕು," ಎಂದರು ಕಾಕಿ. "ಅವಗ ಮೊದಲ ಗೊತ್ತಿದ್ರ ಇನ್ನೂ ಛಲೋ ಆತು. ಕೆಲಸ ಕಮ್ಮಿ."

ಚಾಚಾ ನನ್ನತ್ತ ನೋಡಿದರು.

ಶನಿವಾರಕ್ಕೆ ನಾನು ಪಾಳಿ ಬದಲಿಸಿಕೊಂಡೆ. ಹಬ್ಬಕ್ಕೂ ಹಾಗೆ ಮಾಡಿದವಳಲ್ಲ. ಮೇಟ್ರನ್ ಕಾರಣ ಕೇಳಿದರು. ಮಂಜಿನ ಓಟ ಎನ್ನಲಾಗದೆ, ಕಣ್ಣಿನ ಕೇಸು ಎಂದೆ. ಅದೂ ನಿಜವೇ. ಹತ್ತಕ್ಕೆ ಐದು ನಿಮಿಷ ಇರುವಾಗ ನಮ್ಮ ಪಡಸಾಲೆಯಲ್ಲಿ ಕಾಕಿ, ಕಾಕಾ, ನಾನು ಕುಳಿತಿದ್ದೆವು. ಚಾಚಾ ತಮ್ಮ ಜನರೇಟರನ್ನೇ ಎತ್ತಿನ ಗಾಡಿಯಲ್ಲಿ ಹೇರಿ ತಂದು ಬಾಗಿಲಲ್ಲಿ ನಿಲ್ಲಿಸಿದ್ದರು. ಕರೆಂಟು ಹೋದರೂ ಓಟ ನಿಲ್ಲಬಾರದೆಂಬುದು ಈಗ ಅವರ ಮಾನದ ಪ್ರಶ್ನೆಯಾಗಿತ್ತು.

ಪಾಳಿ ಒಪ್ಪಿಸುವಾಗ ಎಲ್ಲವನ್ನೂ ಬಾಯಿಬಿಟ್ಟು ಹೇಳಿ ಖಚಿತಪಡಿಸಿಕೊಳ್ಳುವುದು ನಮ್ಮ ಕೆಲಸದ ರೂಢಿ. ಹುಡುಗಿಯರು ಗೆರೆಯ ಮೇಲೆ ನಿಂತಾಗ ನಾನು ಕೇಳಿದೆ. "ಕಾಕಿ, ಆಮ್ಯಾಲ ತಕರಾರು ಬ್ಯಾಡ. ನಿಮ್ಮವರು ಯಾರು, ಈಗ ಹೇಳಿಬಿಡ್ರಿ."

"ಅದೇನ ಕೇಳ್ತಿ? ಹಸಿರಂಗಿಯವರು."

ನಾನು ನೋಡಿದೆ. ಕೆಂಪು, ಹಳದಿ, ಬಿಳಿ, ನೀಲಿ. ನಾಲ್ಕೇ ತಂಡ.

"ಕಾಕಿ, ಹಸಿರು ಇಲ್ರಿ."

"ಹಸಿರಿಲ್ಲೇನು? ಅಕೀ ಯಾರ ಮತ್ತ, ಕಡೀಗೆ ನಿಂತಾಕಿ?"

"ಅಕಿ ನೀಲಿ ಅದಾಳ್ರಿ."

"ಹಸಿರು!"

ಟಿವಿಯಲ್ಲಿ ಗುಂಡಿನ ಸದ್ದಾಯಿತು. ಓಟ ಶುರುವಾಯಿತು. ಚಾಚಾ ನೀಲಿ ಎಂದರು. ನನಗೂ ನೀಲಿ. ನಾವಿಬ್ಬರೂ ಒಂದಾಗಿ ಮುದುಕಿಯನ್ನು ಆಸ್ಪತ್ರೆಗೆ ಸಾಗಿಸಲು ಹೂಡಿದ ಆಟ ಇದೆಂದರು ಕಾಕಿ. ನಾನು ಟಿವಿಯ ಹತ್ತಿರ ಹೋಗಿ ಬೆರಳಿಟ್ಟು ತೋರಿಸಿದೆ. ಬೆರಳಿಟ್ಟಲ್ಲಿಂದ ಆ ಹುಡುಗಿ ಆಗಲೇ ಆಚೆ ತಿರುವಿಗೆ ಹೋಗಿರುತ್ತಿದ್ದಳು. ಕಾಕಿ ಸಾಕ್ಷಿಗೆ ಕಾಕಾ ಅವರನ್ನು ಹಿಡಿದರು.

"ನೀವ ಹೇಳ್ರಿ. ಖರೇ ಹೇಳ್ರಿ."

ಕಾಕಾ ಒಮ್ಮೆ ಟಿವಿ ನೋಡಿದರು, ಒಮ್ಮೆ ಕಾಕಿಯನ್ನು ನೋಡಿದರು. ಆಮೇಲೆ ತಮ್ಮ ಧೋತರದ ಚುಂಗು ಎತ್ತಿ ಹಿಡಿದರು. "ಇದ್ಯಾವ ಬಣ್ಣ?"

"ಬಿಳೇದು. ಇನ್ನೂ ಒಂಚೂರು ಮಬ್ಬೈತಿ, ಮುಂದಿನ ಸಲ ಛಲೋ ನೀಲಿ ಹಾಕ್ತೀನಿ."

"ಇನ್ನ ನೀಲಿ ಹಾಕಿದ್ರ ನಾ ಊರು ಬಿಡತೀನಿ," ಎಂದರು ಕಾಕಾ. "ವರ್ಷಾತು, ಕೃಷ್ಣಪಾರಿಜಾತದ ಕೃಷ್ಣ ಆಗಿ ಅಂಗಡಿಗೆ ಹೋಗಾಕತ್ತೀನಿ. ಹಮಾಲರು ಕೊಳಲು ಎಲ್ಲಿ ಅಂತ ಕೇಳ್ತಾರ."

ಚಾಚಾ ಬಾಯಿಗೆ ಟವೆಲು ಒತ್ತಿಕೊಂಡು ಜನರೇಟರ್ ಕಡೆ ಹೋದರು. ಕಾಕಿ ಕಾಕಾ ಅವರ ಮುಖವನ್ನೇ ನೋಡುತ್ತಿದ್ದರು.

"ಮತ್ತ ಹೇಳಬಾರದಾಗಿತ್ತೇನು?"

"ಹೇಳಿದ್ರ ನಿಂಗ ಕಣ್ಣ ಹೋಗ್ಯಾವು ಅಂದಂಗ ಆಕ್ಕಿತ್ತು."

ಟಿವಿಯಲ್ಲಿ ಜನ ಚಪ್ಪಾಳೆ ಹೊಡೆಯುತ್ತಿದ್ದರು. ತಿರುಗಿ ನೋಡಿದರೆ ಓಟ ಮುಗಿದು, ಸೋಪಿನ ಜಾಹೀರಾತು ಬಂದಿತ್ತು. ಎರಡು ದಿನ ಕಾದು, ಪಾಳಿ ಬದಲಿಸಿ, ಜನರೇಟರ್ ತರಿಸಿದ ಓಟದಲ್ಲಿ ಯಾರು ಗೆದ್ದರೆಂದು ನಮ್ಮಲ್ಲಿ ಒಬ್ಬರೂ ನೋಡಿರಲಿಲ್ಲ. ಇಂದಿಗೂ ನನಗೆ ಗೊತ್ತಿಲ್ಲ.

ಆಣೆ ಮುರಿದುಬಿತ್ತು ಎಂದುಕೊಂಡೆ. ಕಾಕಿ ಎದ್ದು ನಿಂತರು.

"ನಾಳೆ ಎಷ್ಟ ಗಂಟೇಕ್ಕ ಬರಬೇಕು? ಬರ್ತೀನಿ. ಕಣ್ಣ ನೆಟ್ಟಗಾದ ಮ್ಯಾಲ ಅದು ಹಸಿರ ಕಂಡ್ರ ನಿಮ್ಮ ಮೂರೂ ಮಂದಿಗೆ ಐತಿ."

ಹಾಗೆ ಅವರು ಬಂದರು, ನಮ್ಮೆಲ್ಲರ ಸುಳ್ಳು ಬಯಲು ಮಾಡಲು. ಬಲಗಣ್ಣಿನ ಪೊರೆ ತೆಗೆದು ಲೆನ್ಸ್ ಹಾಕಿದರು. ಪಟ್ಟಿ ಕಟ್ಟುವ ತನಕ ನನ್ನ ಕೈ ಬಿಟ್ಟಿರಲಿಲ್ಲ. ಮರುದಿನ ಪಟ್ಟಿ ಬಿಚ್ಚಿದಾಗ ಎದುರಿಗೆ ಕಾಕಾ ನಿಂತಿದ್ದರು. ಕಾಕಿ ಕಣ್ಣು ಕಿರಿದು ಮಾಡಿ ತಲೆಯಿಂದ ಕಾಲಿನವರೆಗೆ ನೋಡಿದರು.

"ಅಯ್ಯ ಶಿವನ! ಇದನ್ನ ಉಟಗೊಂಡು ಮಂದ್ಯಾಗ ತಿರುಗ್ಯಾಡಿದ್ರೇನು?"

ಎಡಗಣ್ಣಿಗೆ ಮುಂದಿನ ಶಿಬಿರ ಎಂದು ನಾನು ಅಂದೇ ಗೊತ್ತುಮಾಡಿದೆ. ಅಷ್ಟರಲ್ಲಿ ಮತ್ತೊಂದು ದೇಶದೇಶಗಳ ಸ್ಪರ್ಧೆ ಟಿವಿಗೆ ಬಂತು. ಕಾಕಿ ಎಡಗಣ್ಣು ಮುಚ್ಚಿದರು. "ನೀಲಿ." ಬಲಗಣ್ಣು ಮುಚ್ಚಿದರು. "ಹಸಿರು." ಮತ್ತೆ ಮುಚ್ಚಿದರು, ತೆರೆದರು. ನಗತೊಡಗಿದರು. ಎರಡನೆಯ ಆಪರೇಶನ್ನಿಗೆ ಕರೆದಾಗ ಅವರ ಉತ್ತರ ಸಿದ್ಧವಿತ್ತು.

"ನಾ ಸುಳ್ಳ ಹೇಳಿದ್ದಿಲ್ಲ, ನೀನೂ ಹೇಳಿದ್ದಿಲ್ಲ. ಈ ಕಣ್ಣಿಂದ ಟಂಟಂ ನೋಡ್ತೀನಿ, ಈ ಕಣ್ಣಿಂದ ನಮ್ಮ ಹುಡುಗ್ಯಾರನ್ನ ನೋಡ್ತೀನಿ. ಇದನ್ನೂ ನೆಟ್ಟಗ ಮಾಡಿದ್ರ ಅವರು ಎಲ್ಲಿಗೆ ಹೋಗಬೇಕು, ಪಾಪ?"

ಆಮೇಲೆ ಎಷ್ಟು ಶಿಬಿರ ಬಂದವೋ... ನಾನು ಪ್ರತಿ ಸಲವೂ ಕೇಳಿದೆ. ಅವರು ಪ್ರತಿ ಸಲವೂ ನಕ್ಕರು. ಒಂದು ಚಳಿಗಾಲದಲ್ಲಿ ಜ್ವರ ಬಂದು ಮೂರೇ ದಿನಕ್ಕೆ ಹೊರಟುಹೋದರು. ಎಡಗಣ್ಣು ಹಾಗೇ ಇತ್ತು. ನರ್ಸ್ ಆಗಿ ಅದು ನನ್ನ ಸೋಲು. ಕಾಕಾ ಮಾತ್ರ, "ಹೋಗಲಿ ಬಿಡವ್ವ, ಅಕೀಗೆ ಎರಡೂ ಬೇಕಿದ್ವು," ಎಂದರು.

ನೀಲಿಯ ಬಾಟಲಿ ಬಿದ್ದ ದಿನ ಸಂಜೆ ಈ ಕಥೆ ಕೇಳಿದ ಸೊಸೆ ಮೊಬೈಲಿನಲ್ಲಿ ಅಂಥದೇ ಒಂದು ರಿಲೇ ಹುಡುಕಿ ನನ್ನ ಕೈಗಿಟ್ಟಳು. ಅದೇ ಬೆಳ್ಳಗಿನ ನೆಲ, ಅದೇ ನೂಕಾಟ. ನೀಲಿ ಅಂಗಿಯವರೂ ಇದ್ದರು. ನಾನು ಒಂದು ಕಣ್ಣು ಮುಚ್ಚಿ ನೋಡಿದೆ, ಇನ್ನೊಂದು ಮುಚ್ಚಿ ನೋಡಿದೆ. ಡಾಕ್ಟರು ಹೇಳಿದ ವಾರದಲ್ಲೇ ಎರಡೂ ಪೊರೆ ತೆಗೆಸಿಕೊಂಡವಳು ನಾನು. ಎರಡರಲ್ಲೂ ನೀಲಿಯೇ ಕಂಡಿತು. ಆ ಹಸಿರು ತಂಡ ಓಡುವುದನ್ನು ನೋಡಿದವರು ಕಾಕಿಯೊಬ್ಬರೇ...

ಮೊಬೈಲು ಸೊಸೆಗೆ ಕೊಟ್ಟೆ. ಕಾಯಿಸಿಟ್ಟ ಹಾಲು ಆರಿತ್ತು. ಹೆಪ್ಪು ಹಾಕಿ, ಪಾತ್ರೆ ಮುಚ್ಚಿದೆ.